‘ಈ ಭಾಗದಲ್ಲಿ ಅಧ್ಯಯನಗಳು ನಡೆದಿಲ್ಲ’

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳ ಪೀಠಿಕೆಯಲ್ಲಿ, ಹೆಚ್ಚಾಗಿ ಅದರ ಕೊನೆಯ ಪ್ಯಾರಾದಲ್ಲಿ, ಒಂದು ಸಾಲು ಸಿಗುತ್ತದೆ: ಈ ಭಾಗದಲ್ಲಿ ಇಂಥ ಅಧ್ಯಯನಗಳು ನಡೆದಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಾಯಿಲೆಗಳ ಚರಿತ್ರೆಯನ್ನು ಹುಡುಕುತ್ತಿರುವ ನಾನು ಈ ಸಾಲು ಕಂಡಾಗಲೆಲ್ಲ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬರೆದವರು ಸುಳ್ಳು ಹೇಳುತ್ತಿಲ್ಲ. ಅವರು ಕಂಪ್ಯೂಟರಿನಲ್ಲಿ ಹುಡುಕಿದ್ದಾರೆ, ಸಿಕ್ಕಿಲ್ಲ. ಆದರೆ ‘ಸಿಕ್ಕಿಲ್ಲ’ ಎಂಬುದು ಪೀಠಿಕೆಗೆ ಇಳಿಯುವ ಹೊತ್ತಿಗೆ ‘ನಡೆದಿಲ್ಲ’ ಎಂದಾಗಿರುತ್ತದೆ. ಮುಂದಿನ ವರ್ಷದ ವಿದ್ಯಾರ್ಥಿ ಆ ಪ್ರಬಂಧವನ್ನೇ ಉಲ್ಲೇಖಿಸುತ್ತಾನೆ. ಹೀಗೆ ನಾಲ್ಕು ಸಲ ಆದರೆ ಒಂದಿಡೀ ಸೀಮೆಗೆ ಕಾಯಿಲೆಯ ಚರಿತ್ರೆಯೇ ಇಲ್ಲವೆಂಬಂತಾಗುತ್ತದೆ.

ಈ ಸಾಲು ಹುಟ್ಟುವ ಜಾಗ ಗ್ರಂಥಾಲಯ. ಅದನ್ನು ತಡೆಯಬಹುದಾದ ಜಾಗವೂ ಅದೇ. ಹಾಗಾಗಿಯೇ ಇತಿಹಾಸ ವಿಭಾಗದವಳಾದ ನಾನು ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯ ನಡೆಸಿದ ಎರಡು ದಿನಗಳ ಕಾರ್ಯಾಗಾರದಲ್ಲಿ ಕೇಳಿಕೊಂಡು ಹೋಗಿ ಕೂತೆ. ಸಂಶೋಧನಾ ಸಾಹಿತ್ಯವನ್ನು ಹುಡುಕುವುದು ಹೇಗೆ ಎಂಬುದು ವಿಷಯ. ಸುತ್ತ ಕೂತಿದ್ದವರೆಲ್ಲ ಎಂ.ಡಿ. ಓದುವವರು, ನರ್ಸಿಂಗ್ ಕಲಿಸುವವರು. ಗ್ರಂಥಪಾಲಕರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತ ಬಂದರು: “ನಿಮ್ಮ ಬ್ಯಾನಿ ಯಾವುದ್ರೀ?” ಮಧುಮೇಹ, ರಕ್ತಹೀನತೆ, ಕ್ಷಯ ಎಂಬ ಉತ್ತರಗಳು ಬಂದವು. ನನ್ನ ಸರದಿ ಬಂದಾಗ, “ನಂದು ಬ್ಯಾನಿ ಅಲ್ರೀ ಮೇಡಂ, ಊರು” ಅಂದೆ. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. “ಊರು ಹುಡುಕೂದು ಬ್ಯಾನಿ ಹುಡುಕೂದಕ್ಕಿಂತ ಕಷ್ಟ ಐತ್ರಿ” ಅಂದರು. ಆ ಮಾತು ಎಷ್ಟು ನಿಜ ಎಂಬುದಕ್ಕೆ ಒಂದೂವರೆ ಶತಮಾನದ ಹಿನ್ನೆಲೆ ಇದೆ.

ವೈದ್ಯಕೀಯ ಲೇಖನಗಳಿಗೆಲ್ಲ ಒಂದು ಸೂಚಿ ಇರಬೇಕೆಂಬ ಯೋಚನೆಯನ್ನು ಕೈಗೂಡಿಸಿದವನು ಜಾನ್ ಶಾ ಬಿಲ್ಲಿಂಗ್ಸ್ ಎಂಬ ಅಮೆರಿಕದ ಸೇನಾ ವೈದ್ಯ. 1879ರಲ್ಲಿ ಅವನು ಶುರುಮಾಡಿದ ‘ಇಂಡೆಕ್ಸ್ ಮೆಡಿಕಸ್’ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದನ್ನು ವಿಷಯವಾರು ಪಟ್ಟಿಮಾಡುತ್ತಿತ್ತು. ವಿಷಯವಾರು ಎಂದಮೇಲೆ ವಿಷಯಗಳಿಗೆ ಒಪ್ಪಿತ ಹೆಸರು ಬೇಕಲ್ಲ. ಒಂದೇ ರೋಗವನ್ನು ಒಬ್ಬ ಒಂದು ಹೆಸರಿನಿಂದ, ಇನ್ನೊಬ್ಬ ಮತ್ತೊಂದು ಹೆಸರಿನಿಂದ ಕರೆದರೂ ಪಟ್ಟಿಯಲ್ಲಿ ಎರಡೂ ಒಂದೇ ಕಡೆ ಕೂರಬೇಕು. 1960ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಇಂಥ ಶೀರ್ಷಿಕೆಗಳ ವ್ಯವಸ್ಥಿತ ಪಟ್ಟಿಯನ್ನೇ ಹೊರತಂದಿತು. ಅದನ್ನು ಚಿಕ್ಕದಾಗಿ ‘ಮೆಶ್’ ಎನ್ನುತ್ತಾರೆ. 1964ರಲ್ಲಿ ಸೂಚಿ ಕಂಪ್ಯೂಟರಿಗೆ ಹೋಯಿತು. 1997ರಲ್ಲಿ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು.

ಈ ಕೊನೆಯ ತಿರುವೇ ನಮ್ಮ ಕಾರ್ಯಾಗಾರಗಳ ಮೂಲ ಎಂದು ನನ್ನ ಅಂದಾಜು. ಅದಕ್ಕೂ ಮೊದಲು ಹುಡುಕುವ ಕೆಲಸ ಹೆಚ್ಚಾಗಿ ಗ್ರಂಥಪಾಲಕರದ್ದಾಗಿತ್ತು. ವೈದ್ಯರು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅವರು ದಪ್ಪ ಸಂಪುಟಗಳನ್ನು ತಿರುವಿ ಪಟ್ಟಿಮಾಡಿ ಕೊಡುತ್ತಿದ್ದರು. ದಿಲ್ಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ 1986ರಲ್ಲಿ ತೆರೆದ ಕೇಂದ್ರವೂ ಮೊದಮೊದಲು ಬೇರೆಯವರ ಪರವಾಗಿ ಹುಡುಕಿಕೊಡುವ ಕೆಲಸವನ್ನೇ ಮಾಡಿತು. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಚೀಟಿಯ ಕಾಲದಲ್ಲಿ ಅದನ್ನು ಪಾಲಿಸುತ್ತಿದ್ದದ್ದು ಹೀಗೆ. ಹುಡುಕುವ ಪೆಟ್ಟಿಗೆ ಓದುಗರ ಮೇಜಿಗೇ ಬಂದಮೇಲೆ ಚೀಟಿ ಹೋಯಿತು. ಅದರ ಜೊತೆಗೆ, ಯಾವ ಹೆಸರಿನಲ್ಲಿ ಹುಡುಕಬೇಕೆಂದು ಬಲ್ಲ ಮನುಷ್ಯನೂ ಪಕ್ಕಕ್ಕೆ ಸರಿದ. ಆ ಬಲ್ಮೆಯನ್ನು ಎರಡು ದಿನದಲ್ಲಿ ನೂರಾರು ಜನಕ್ಕೆ ದಾಟಿಸುವ ಸಾಹಸಕ್ಕೆ ಕಾರ್ಯಾಗಾರ ಎಂದು ಹೆಸರು.

ಈಗ ನನ್ನ ಊರುಗಳಿಗೆ ಬರುತ್ತೇನೆ. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಪಬ್‌ಮೆಡ್ ತೆರೆದದ್ದೂ ಅದೇ ವರ್ಷ ಎಂಬುದು ಬರೀ ಕಾಕತಾಳೀಯ, ಆದರೂ ನನಗೆ ನೆನಪಿಟ್ಟುಕೊಳ್ಳಲು ಅನುಕೂಲವಾಗಿದೆ. ಅದಕ್ಕೂ ಹಿಂದಿನ ಬರಹಗಳಲ್ಲಿ ‘ಹಾವೇರಿ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಧಾರವಾಡ ಎಂದು ಹುಡುಕಬೇಕು. ಅದೂ ಈಗಿನ ಕಾಗುಣಿತದಲ್ಲಿ ಸಾಲದು, ಇಂಗ್ಲಿಷರ ಕೈಯಲ್ಲಿ ಕೊನೆಯ ‘ಡ’ಕಾರ ‘ರ’ ಆಗಿ ‘ಧಾರ್ವಾರ್’ ಎಂದೇ ಅಚ್ಚಾಗಿದೆ. 1884ರ ಬಾಂಬೆ ಗೆಜೆಟಿಯರಿನ ಧಾರವಾಡ ಸಂಪುಟವನ್ನು ತೆಗೆದರೆ ಅದರಲ್ಲಿ ಹನ್ನೊಂದು ತಾಲ್ಲೂಕುಗಳಿವೆ. ಹಾನಗಲ್ ಇದೆ. ಶಿಗ್ಗಾಂವಿ ತಾಲ್ಲೂಕಿಲ್ಲ. ಅದು ಬಂಕಾಪುರ ತಾಲ್ಲೂಕು, ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿ. ಹಿರೇಕೆರೂರು ತಾಲ್ಲೂಕೂ ಇಲ್ಲ. ಅದು ಕೋಡ ತಾಲ್ಲೂಕು. ಇಂದು ಕೋಡ ಎಂದರೆ ಹಿರೇಕೆರೂರಿನ ಹತ್ತಿರದ ಒಂದು ಊರು ಅಷ್ಟೇ. ಹಾವೇರಿ ಕೂಡ ಕರ್ಜಗಿ ತಾಲ್ಲೂಕಿನಲ್ಲಿ ಅಡಗಿ ಕೂತಿದೆ. ಸವಣೂರಂತೂ ಬ್ರಿಟಿಷ್ ಜಿಲ್ಲೆಯ ಲೆಕ್ಕಕ್ಕೇ ಸೇರದ ನವಾಬರ ಸಂಸ್ಥಾನ. ಧಾರವಾಡದ ಕಲೆಕ್ಟರರೇ ಅದಕ್ಕೆ ಪೊಲಿಟಿಕಲ್ ಏಜೆಂಟರು. 1948ರಲ್ಲಿ ಅದು ಮುಂಬೈ ಪ್ರಾಂತದಲ್ಲಿ ವಿಲೀನವಾಗುವವರೆಗೂ ಕಡತಗಳೇ ಬೇರೆ.

ಕಾರ್ಯಾಗಾರದಲ್ಲಿ ‘ಅಥವಾ’ ಹಾಕಿ ಹುಡುಕುವುದನ್ನು ಹೇಳಿಕೊಟ್ಟಾಗ ನಾನು ಬರೆದುಕೊಂಡ ಮೊದಲ ಸೂತ್ರ ‘ಹಿರೇಕೆರೂರು ಅಥವಾ ಕೋಡ’. ಪಕ್ಕದಲ್ಲಿದ್ದ ಹುಡುಗ ನನ್ನ ಪರದೆಯ ಇಂಗ್ಲಿಷ್ ಕಾಗುಣಿತ ನೋಡಿ, “ಕಾಡ್ ಲಿವರ್ ಎಣ್ಣೆ ಮ್ಯಾಲೇನ್ರೀ ಅಕ್ಕಾ ನಿಮ್ಮ ಪಿಎಚ್.ಡಿ.?” ಎಂದು ಕೇಳಿದ.

ಹೀಗೆ ಹುಡುಕುವುದಕ್ಕೆ ಫಲ ಇಲ್ಲದಿಲ್ಲ. ಪಬ್‌ಮೆಡ್‌ನ ಸೂಚಿ ಬಹುಮಟ್ಟಿಗೆ 1940ರ ದಶಕದಿಂದ ಈಚಿನದ್ದು. ಆದರೆ ಅದರ ಒಡಹುಟ್ಟಿದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ 1866ರಿಂದ 1955ರವರೆಗಿನ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳನ್ನು ಹಾಗೆಯೇ ತೆರೆದಿಟ್ಟಿದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದರು. ಲಸಿಕೆ ಸಿದ್ಧವಾಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅದು ನಿಜಕ್ಕೂ ಕೆಲಸ ಮಾಡಿತೇ ಎಂದು ತಿಳಿಯಲು ಫ್ರೇಸರ್ ಅಧ್ಯಕ್ಷತೆಯ ಪ್ಲೇಗ್ ಆಯೋಗ ಹುಬ್ಬಳ್ಳಿ ಸೀಮೆಯ ಲೆಕ್ಕಗಳನ್ನು ಕೂಲಂಕಷವಾಗಿ ಕೆದಕಿತು. ಲಸಿಕೆಯ ಪರಿಣಾಮವನ್ನು ಅಂಕಿಸಂಖ್ಯೆಯಿಂದ ಅಳೆಯುವ ಚರ್ಚೆಯಲ್ಲಿ ನಮ್ಮ ಈ ಸೀಮೆ ಆಗಲೇ ಇತ್ತು ಎಂದರ್ಥ. ಆದರೆ ಆ ಹಳೆಯ ಪುಟಗಳಿಗೆ ಮೆಶ್ ಶೀರ್ಷಿಕೆಯನ್ನು ಯಾರೂ ಅಂಟಿಸಿಲ್ಲ. ಪುಟದ ಮೇಲೆ ಅಚ್ಚಾದ ಮಾತೇ ಅಲ್ಲಿರುವ ಏಕೈಕ ಬೀಗದಕೈ.

ರೋಗದ ಹೆಸರೂ ಇದೇ ಆಟ ಆಡುತ್ತದೆ. ನಮ್ಮಲ್ಲಿ ನಾರುಹುಣ್ಣು ಎನ್ನುತ್ತಿದ್ದರು. ಮೆಟ್ಟಿಲುಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಯ ಜೊತೆ ಹೊಟ್ಟೆಗೆ ಹೋದ ಹುಳು, ಸುಮಾರು ಒಂದು ವರ್ಷದ ಮೇಲೆ ಗಜದುದ್ದದ ನಾರಿನಂತೆ ಕಾಲಿನಿಂದ ಹೊರಬರುತ್ತಿತ್ತು. ಈ ರೋಗ ಬೇರೂರಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ಇದನ್ನು ಮೆಶ್‌ನಲ್ಲಿ ಡ್ರಾಕಂಕ್ಯುಲಿಯಾಸಿಸ್ ಎಂದು ಹುಡುಕಬೇಕು. ಹಳೆಯ ಲೇಖಕರು ಗಿನಿ ವರ್ಮ್ ಎಂದಿದ್ದಾರೆ, ಡ್ರಾಕಾಂಟಿಯಾಸಿಸ್ ಎಂದಿದ್ದಾರೆ, ಕೆಲವರು ನಮ್ಮವರ ಬಾಯಿಂದಲೇ ಕೇಳಿ ‘ನಾರು’ ಎಂದೇ ಬರೆದಿದ್ದಾರೆ. ಅಜ್ಜಿ ಹೇಳುವ ಹೆಸರು ಗೊತ್ತಿರುವ ವಿದ್ಯಾರ್ಥಿಗೆ ಇಲ್ಲಿ ಒಂದು ಹೆಚ್ಚಿನ ಬಾಗಿಲು ತೆರೆಯುತ್ತದೆ. ಅದನ್ನು ಯಾವ ಕಾರ್ಯಾಗಾರದ ಸ್ಲೈಡಿನಲ್ಲೂ ನಾನು ನೋಡಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಮಂಗನ ಕಾಯಿಲೆ. 1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನ ಜ್ವರದಿಂದ ಮಲಗಿದರು. ಮಂಗ ಸಾಯುವ ರೋಗವೆಂದರೆ ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಭಯದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿಬಂದರು. ಸಿಕ್ಕಿದ್ದು ಹೊಸ ವೈರಸ್. ಉಣುಗಿನಿಂದ ಹರಡುವ ಅದಕ್ಕೆ ಕ್ಯಾಸನೂರು ಕಾಡಿನ ಹೆಸರಿಟ್ಟರು. ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅದೇ ವರ್ಷ ಪ್ರಕಟಿಸಿದ ಪ್ರಾಥಮಿಕ ವರದಿಯ ಶೀರ್ಷಿಕೆಯಲ್ಲೇ ಮೈಸೂರಿನ ಶಿವಮೊಗ್ಗ ಜಿಲ್ಲೆ ಎಂದಿದೆ. ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಇಂದು ಮೆಶ್‌ನಲ್ಲೇ ಒಂದು ಶೀರ್ಷಿಕೆ. ಮಲೆನಾಡಿನ ಒಂದು ಕಾಡು ಹೀಗೆ ಜಗತ್ತಿನ ಎಲ್ಲ ವೈದ್ಯಕೀಯ ಗ್ರಂಥಾಲಯಗಳ ಪಟ್ಟಿಯಲ್ಲಿ ಕೂತಿದೆ.

ಸೊರಬ ತಾಲ್ಲೂಕಿನ ಆನವಟ್ಟಿಯಿಂದ ಹಾನಗಲ್ಲಿಗೆ ಒಂದು ಬಸ್ಸಿನ ದಾರಿ. ಎರಡೂ ಕಡೆ ಕೆರೆ, ಭತ್ತದ ಗದ್ದೆ. ದನಕರು, ಸಂತೆ, ಬೀಗತನ ಎಲ್ಲ ಆಚೀಚೆ ಓಡಾಡುತ್ತವೆ. ಆದರೆ 1956ರ ನವೆಂಬರ್ 1ರವರೆಗೆ ನಡುವೆ ರಾಜ್ಯದ ಗಡಿ ಇತ್ತು, ಆಚೆ ಮೈಸೂರು, ಈಚೆ ಮುಂಬೈ. ವೈರಸ್ ಕೈಗೆ ಸಿಕ್ಕಾಗ, ಅಂದರೆ 1957ರ ಮಾರ್ಚಿನಲ್ಲಿ, ಗಡಿ ಅಳಿಸಿ ನಾಲ್ಕೇ ತಿಂಗಳಾಗಿತ್ತು. ಜನ ಒಂದಾಗಿದ್ದರು, ಆರೋಗ್ಯ ಇಲಾಖೆಯ ಹಳೆಯ ಕಾಗದಗಳು ಒಂದಾಗಿರಲಿಲ್ಲ. ಈ ಕಾಯಿಲೆಯ ಚರಿತ್ರೆಯನ್ನು ಶಿವಮೊಗ್ಗದಿಂದ ಶುರುಮಾಡಿ ಶಿವಮೊಗ್ಗದಲ್ಲೇ ನಿಲ್ಲಿಸಿ ಓದುವುದು ಆ ಗಡಿಯನ್ನು ಮತ್ತೆ ಎಳೆದಂತೆ. ಹಾನಗಲ್ ಆಸ್ಪತ್ರೆಯ ಜ್ವರದ ಲೆಕ್ಕ ನೋಡಬಯಸುವವರು ಹಿಂದಿನ ವರ್ಷಗಳಿಗೆ ಮುಂಬೈ ಸರ್ಕಾರದ ವರದಿಗಳತ್ತ ತಿರುಗಬೇಕು. ರೋಗದ ಹೆಸರು ಹಾಕಿ ಹುಡುಕಿದರೆ ಅಲ್ಲೇನೂ ಸಿಗದು. ಆ ಹೆಸರು ಹುಟ್ಟಿಯೇ ಇರಲಿಲ್ಲ. ಬರೀ ‘ಜ್ವರ’ ಎಂದೇ ಹುಡುಕಬೇಕು.

ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ 1987ರಲ್ಲಿ ಇದೇ ರೋಗದ ಬಗ್ಗೆ ದಕ್ಷಿಣ ಕನ್ನಡದ ಹಳ್ಳಿಗಳನ್ನಿಟ್ಟುಕೊಂಡು ಒಂದು ಲೇಖನ ಬರೆದ. ಕಾಡು ಕಡಿದದ್ದಕ್ಕೂ ರೋಗಕ್ಕೂ ಇರುವ ನಂಟು, ಜನ ಅದನ್ನು ದೈವದ ಮುನಿಸೆಂದು ಅರ್ಥಮಾಡಿಕೊಂಡ ಬಗೆ ಎರಡೂ ಅದರಲ್ಲಿವೆ. ವೈದ್ಯಕೀಯ ವಿದ್ಯಾರ್ಥಿಗಳು ಓದಲೇಬೇಕಾದದ್ದು ಎಂದು ನನಗನ್ನಿಸುತ್ತದೆ. ಆದರೆ ಹುಡುಕುವಾಗ ‘ಲಸಿಕೆ’, ‘ಚಿಕಿತ್ಸೆ’ ಎಂದು ಸೋಸುತ್ತ ಹೋದರೆ ಇಂಥದ್ದೇ ಮೊದಲು ಜರಡಿಯಿಂದ ಆಚೆ ಬೀಳುತ್ತದೆ.

ಸಿಗುವುದು ಬೇರೆ, ಓದಲು ದಕ್ಕುವುದು ಬೇರೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. 2003ರಲ್ಲಿ ಅದು ‘ಹೆಲಿನೆಟ್’ ಎಂಬ ಒಕ್ಕೂಟ ಕಟ್ಟಿತು. ಒಂದೊಂದೇ ಕಾಲೇಜು ಕೊಳ್ಳಲಾಗದ ದುಬಾರಿ ಪತ್ರಿಕೆಗಳನ್ನು ಕಾಲೇಜುಗಳು ದುಡ್ಡು ಕೂಡಿಸಿ ಒಟ್ಟಿಗೆ ತರಿಸುವ ಏರ್ಪಾಡು ಅದು. ನಮ್ಮ ಹಳ್ಳಿಗಳಲ್ಲಿ ಹಣ ಕೂಡಿಸಿ ಬೋರ್‌ವೆಲ್ ಹಾಕಿಸಿದ ಹಾಗೆ. 2025ರ ಜನವರಿಯಿಂದ ಕೇಂದ್ರದ ‘ಒಂದು ದೇಶ ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳನ್ನು ತೆರೆದಿದೆ. ಹಾವೇರಿಯಲ್ಲೇ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದೆ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿ ಹುಟ್ಟಿದಾಗ ಈ ನಾಲ್ಕು ತಾಲ್ಲೂಕಿನವರಿಗೆ ಅದೇ ಹತ್ತಿರದ್ದಾಗಿತ್ತು. ಈಗ ಇನ್ನೂ ಹತ್ತಿರ ಬಂದಿದೆ. ಪತ್ರಿಕೆಗಳ ಬರ ಇನ್ನು ಮೊದಲಿನಷ್ಟು ಇರದು.

ಬರ ಇರುವುದು ಬೇರೆ ಕಡೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಒಂದು ಆನ್‌ಲೈನ್ ಕೋರ್ಸ್ ಕಡ್ಡಾಯ, ಚೆನ್ನೈನ ರಾಷ್ಟ್ರೀಯ ಸೋಂಕುರೋಗ ವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತದೆ. ಒಳ್ಳೆಯ ಕೋರ್ಸೇ. ಆದರೆ ಇಡೀ ದೇಶಕ್ಕೆ ಒಂದೇ ಪಾಠ ಮಾಡುವವರು ಕೋಡವೇ ಹಿರೇಕೆರೂರು ಎಂದು ಹೇಳಿಕೊಡಲಾರರು. ಅದು ಸ್ಥಳೀಯ ಗ್ರಂಥಪಾಲಕರ ಕೆಲಸ, ಅವರ ಪಕ್ಕದಲ್ಲಿ ನನ್ನಂಥ ಇತಿಹಾಸದವರ ಕೆಲಸ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯ ಇದೆ. ರೋಗದ ಊರ ಹೆಸರುಗಳನ್ನು, ನಾಟಿವೈದ್ಯರ ಮಾತನ್ನು ಕೇಳುವ ಕಿವಿ ಅಲ್ಲಿದೆ. ಹಾವೇರಿಯ ವೈದ್ಯಕೀಯ ವಿದ್ಯಾರ್ಥಿಗಳನ್ನು ಒಂದು ದಿನ ಅಲ್ಲಿಗೂ, ಅಲ್ಲಿಯವರನ್ನು ಇಲ್ಲಿಗೂ ಕರೆದರೆ ಖರ್ಚು ಒಂದು ಬಸ್ಸಿನದು.

ಎರಡನೆಯ ದಿನದ ಕೊನೆಗೆ ಮೇಡಂ ನನ್ನ ಟಿಪ್ಪಣಿ ಕೇಳಿ ತೆಗೆದುಕೊಂಡರು. ಈಗಿನ ತಾಲ್ಲೂಕು ಒಂದು ಕಡೆ, ಹಳೆಯ ಹೆಸರು ಇನ್ನೊಂದು ಕಡೆ, ಇಂಗ್ಲಿಷಿನಲ್ಲಿ ಬಂದಿರುವ ಕಾಗುಣಿತಗಳು ಮೂರನೆಯ ಕಡೆ. ಶಿಗ್ಗಾಂವಿಗೇ ಐದು ಬಗೆ ಇದ್ದವು. ಅವರು ಅದನ್ನು ಟೈಪ್ ಮಾಡಿಸಿ ಹುಡುಕುವ ಕಂಪ್ಯೂಟರುಗಳ ಮೇಲಿನ ಗೋಡೆಗೆ ಅಂಟಿಸಿದರು. ಹಿರೇಕೆರೂರಿನ ಸಾಲಿನ ಕೆಳಗೆ ಪೆನ್ನಿನಲ್ಲಿ ರಟ್ಟೀಹಳ್ಳಿ ಎಂದು ಸೇರಿಸಿದ್ದು ಅವರೇ. ಅದು ಇತ್ತೀಚೆಗಷ್ಟೇ ಬೇರೆ ತಾಲ್ಲೂಕಾಗಿದೆ.