ದೂರು ಬಾರದ ಜೀತ: ವಳ್ಳಿಯೂರುಕಾವಿನಿಂದ ಕಂಪನಿ ವರದಿಯವರೆಗೆ

ಇವತ್ತು ನಾನು ಮಾತಾಡೋದು ವಯನಾಡಿನ ಪನಮರಂ, ಮಾನಂದವಾಡಿ ಪ್ರದೇಶದ ಜೀತದ ಬಗ್ಗೆ. ಪನಮರಂ ಹೊಳೆ ಮಾನಂದವಾಡಿ ಹೊಳೆಯನ್ನು ಕೂಡಿ ಕಬಿನಿಯಾಗಿ ನಮ್ಮ ಕಡೆಗೆ ಹರಿದು ಬರುತ್ತೆ. ಆದ್ದರಿಂದ ಇದು ನಮಗೆ ದೂರದ ಚರಿತ್ರೆಯೇನಲ್ಲ.

ಮಾನಂದವಾಡಿ ಹತ್ತಿರದ ವಳ್ಳಿಯೂರುಕಾವಿನಲ್ಲಿ ಪ್ರತಿವರ್ಷ ಮೀನಮಾಸದಲ್ಲಿ ಜಾತ್ರೆ. ಅಲ್ಲಿ ಜಮೀನ್ದಾರರು ಪಣಿಯ ಮತ್ತು ಅಡಿಯ ಜನರಿಗೆ 'ನಿಲ್ಪು ಪಣಂ' ಎಂಬ ಸಣ್ಣ ಮುಂಗಡ ಕೊಟ್ಟು, ದೇವಿಯ ಸಾಕ್ಷಿಯಲ್ಲಿ ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ಕೂಲಿ ಭತ್ತದ ರೂಪದಲ್ಲಿ. ವರ್ಷ ಮುಗಿಯುವ ಮೊದಲು ಒಡೆಯನನ್ನು ಬಿಟ್ಟು ಹೋಗುವಂತಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಗುಲಾಮನ ಮೇಲಿನ ಒಡೆತನವನ್ನು ಕೋರ್ಟುಗಳು ಮಾನ್ಯ ಮಾಡಬಾರದು ಅಂತ 1843ರಲ್ಲೇ ಕಾನೂನು ಬಂದಿತ್ತು. ಆದರೂ ಈ ಪದ್ಧತಿ ಸ್ವಾತಂತ್ರ್ಯದ ನಂತರವೂ ನಡೆಯಿತು. ಯಾಕೆ? ಇದು ಗುಟ್ಟಾಗಿ ನಡೆದದ್ದಲ್ಲ, ಜಾತ್ರೆಯಲ್ಲಿ ಎಲ್ಲರೆದುರು ನಡೆದದ್ದು. ಕಾಗದವಿಲ್ಲ, ದೂರುದಾರನೂ ಇಲ್ಲ. ದೇವಿಯ ಮುಂದೆ ಮಾತು ಕೊಟ್ಟವನು ಯಾರ ಮೇಲೆ ದೂರು ಕೊಡಬೇಕು?

1976ರ ಜೀತಪದ್ಧತಿ ರದ್ದತಿ ಕಾಯ್ದೆ ಈ ಗಂಟನ್ನು ಗುರುತಿಸಿತು ಅಂತ ನನ್ನ ವಾದ. ಅದರ 15ನೇ ಕಲಮಿನ ಪ್ರಕಾರ, ಒಂದು ಸಾಲವನ್ನು ಜೀತದ ಸಾಲವೆಂದು ಜೀತದಾಳು ಅಥವಾ ಜಾಗೃತಿ ಸಮಿತಿ ಹೇಳಿದರೆ, ಹಾಗಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು.

ಈಗ ಕಂಪನಿಗಳ ವರದಿಗೆ ಬರೋಣ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ, ವರ್ಷಕ್ಕೆ 3.6 ಕೋಟಿ ಪೌಂಡ್ ವಹಿವಾಟು ದಾಟಿದ ಸಂಸ್ಥೆಗಳಿಂದ ಪೂರೈಕೆ ಸರಪಳಿಯ ಬಗ್ಗೆ ಹೇಳಿಕೆ ಕೇಳುತ್ತೆ. ಆದರೆ 'ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ' ಅಂತ ಬರೆದರೂ ಅದು ಒಪ್ಪುತ್ತೆ! ನಮ್ಮಲ್ಲಿ ಸೆಬಿ 2022-23ರಿಂದ ಮೊದಲ 1000 ನೋಂದಾಯಿತ ಕಂಪನಿಗಳಿಗೆ ಹೊಣೆಗಾರಿಕೆ ವರದಿಯನ್ನು ಕಡ್ಡಾಯ ಮಾಡಿದೆ. ಬಲವಂತದ ದುಡಿಮೆ ಕುರಿತು ಎಷ್ಟು ದೂರು ಬಂದವು ಅಂತ ಅದರಲ್ಲಿ ಒಂದು ಪ್ರಶ್ನೆಯಿದೆ.

ವಳ್ಳಿಯೂರುಕಾವಿನ ಜಮೀನ್ದಾರ ಇದೇ ನಮೂನೆ ತುಂಬಿದ್ದರೆ ಏನು ಬರೆಯುತ್ತಿದ್ದ? 'ಸೊನ್ನೆ'. ಅದು ಸುಳ್ಳೂ ಆಗುತ್ತಿರಲಿಲ್ಲ.

ಇಂದು ವಯನಾಡಿನ ಬೆಳೆಗಾರರು ಕೊಡಗು, ಮೈಸೂರು ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ; ಆದಿವಾಸಿ ಕೂಲಿಗಳೂ ಗಡಿ ದಾಟಿ ಬರುತ್ತಾರೆ. ಅವರೆಲ್ಲ ಜೀತದಲ್ಲಿದ್ದಾರೆ ಅಂತ ನಾನು ಹೇಳ್ತಿಲ್ಲ. ಆದರೆ ವರದಿ ಕೇಳಬೇಕಾದ್ದು ದೂರಿನ ಲೆಕ್ಕವನ್ನಷ್ಟೇ ಅಲ್ಲ: ಮುಂಗಡ ಕೊಟ್ಟವರು ಯಾರು, ಎಷ್ಟು, ಅದು ತೀರುವ ಮೊದಲು ಕೆಲಸ ಬಿಡಬಹುದೇ? 1976ರ ಕಾಯ್ದೆಯಂತೆ ಉತ್ತರಿಸುವ ಹೊಣೆ ಕೆಲಸ ಕೊಟ್ಟವರ ಮೇಲಿರಲಿ. ಇದರ ಬಗ್ಗೆ ನಿಮ್ಮ ಆಕ್ಷೇಪಗಳಿದ್ದರೆ ಈಗ ಚರ್ಚಿಸೋಣ.