ಮಲಯದೇಶದ ಮಂತ್ರಿ ತಿರುಜ್ಞಾನ ಸಂಬಂಧನ್

ಮಲಯ ಭಾಷೆಯಲ್ಲಿ ಸಚಿವನಿಗೆ ‘ಮೆಂತೆರಿ’ ಎಂದು ಹೆಸರು. ಇದು ನಮ್ಮ ‘ಮಂತ್ರಿ’ ಶಬ್ದವೇ ಎಂಬುದನ್ನು ವಿದ್ವಾಂಸರಿಗೆ ವಿವರಿಸಬೇಕಾದುದಿಲ್ಲ. ಆ ಜನರು ಸ್ವಾತಂತ್ರ್ಯವನ್ನು ಹೇಳುವ ‘ಮೆರ್ದೆಕಾ’ ಎಂಬ ಮಾತಾದರೋ ಸಂಸ್ಕೃತದ ‘ಮಹರ್ದ್ಧಿಕ’ ಶಬ್ದದಿಂದ ಬಂದುದು. ಮಹತ್ತಾದ ಋದ್ಧಿಯುಳ್ಳವನೆಂಬುದು ಅದರ ಮೂಲಾರ್ಥವು. ದ್ವೀಪಾಂತರಗಳಲ್ಲಿ ಅದು ದಾಸ್ಯದಿಂದ ಬಿಡುಗಡೆ ಹೊಂದಿದವನೆಂಬ ಅರ್ಥವನ್ನು ತಳೆದು, ಕಡೆಗೆ ರಾಷ್ಟ್ರದ ಸ್ವಾತಂತ್ರ್ಯಕ್ಕೇ ವಾಚಕವಾಯಿತು. 1957ನೆಯ ಆಗಸ್ಟ್ 31ರಂದು ಮಲಯವು ಈ ‘ಮೆರ್ದೆಕಾ’ವನ್ನು ಪಡೆದಾಗ, ಅಲ್ಲಿನ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಕೂಲಿಗಳಿಗೆ ಅದರಿಂದ ದೊರೆತುದೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ವಿ. ತಿ. ಸಂಬಂಧನ್ನರ ಚರಿತ್ರೆಯನ್ನು ಅವಶ್ಯವಾಗಿ ನೋಡಬೇಕಾಗುವುದು.

ಇವರ ಹೆಸರು ಶೈವಸಮಯಾಚಾರ್ಯರಾದ ತಿರುಜ್ಞಾನಸಂಬಂಧರದು. ಅರವತ್ತುಮೂವರು ಪುರಾತನರನ್ನು ಹರಿಹರನ ರಗಳೆಗಳಿಂದ ಬಲ್ಲ ಕನ್ನಡಿಗರಿಗೆ ಈ ನಾಮವು ಅಪರಿಚಿತವಲ್ಲ. ಸಂಬಂಧನ್ನರು 1919ರಲ್ಲಿ ಪೇರಾಕ್ ಸೀಮೆಯ ಸುಂಗೈ ಸಿಪುಟ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ವೀರಸ್ವಾಮಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಮಿಳುನಾಡಿನಿಂದ ಕೂಲಿಯಾಗಿ ಹೋಗಿ, ಕ್ರಮೇಣ ರಬ್ಬರ್ ತೋಟದ ಒಡೆಯರಾದವರು. ಮಗನು ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಪದವೀಧರನಾಗಿ ಮಲಯಕ್ಕೆ ಹಿಂದಿರುಗಿದನು. ಕೂಲಿಯ ಕಷ್ಟವನ್ನೂ ಒಡೆತನದ ಮರ್ಮವನ್ನೂ ಒಂದೇ ಮನೆಯಲ್ಲಿ ಅರಿಯುವ ಅವಕಾಶವು ಹೀಗೆ ಅವರಿಗೆ ಒದಗಿತು.

1946ರಲ್ಲಿ ಸ್ಥಾಪಿತವಾದ ಮಲಯದ ಭಾರತೀಯ ಕಾಂಗ್ರೆಸ್ಸು ಮೊದಮೊದಲು ಆಂಗ್ಲವಿದ್ಯಾಭ್ಯಾಸವುಳ್ಳ ನಗರವಾಸಿಗಳ ಕೈಯಲ್ಲಿದ್ದಿತು. 1955ರಲ್ಲಿ ಸಂಬಂಧನ್ನರು ಅದರ ಅಧ್ಯಕ್ಷರಾಗಿ, ತಮಿಳು ನುಡಿಯುವ ತೋಟದ ಜನರನ್ನು ಅದರೊಳಕ್ಕೆ ತಂದರು. ಅದೇ ವರ್ಷದ ಚುನಾವಣೆಯಲ್ಲಿ ಮಲಯ, ಚೀನ, ಭಾರತೀಯ ಪಕ್ಷಗಳ ಮೈತ್ರಿಕೂಟವು 52 ಸ್ಥಾನಗಳಲ್ಲಿ 51ನ್ನು ಗೆದ್ದಿತು. ಸಂಬಂಧನ್ನರು ಕಾರ್ಮಿಕ ಮಂತ್ರಿಗಳಾದರು. 1957ರಲ್ಲಿ ಆರೋಗ್ಯದ ಶಾಖೆಯೂ, 1959ರಿಂದ ಮರಾಮತ್ತು, ಅಂಚೆ ಮತ್ತು ತಂತಿಯ ಶಾಖೆಯೂ ಅವರಿಗೆ ಬಂದುವು. ಈ ಕೊನೆಯ ಅಧಿಕಾರವನ್ನು ಅವರು 1971ರವರೆಗೆ ವಹಿಸಿದ್ದರು. 1967ರಲ್ಲಿ ‘ತುನ್’ ಎಂಬ ಉನ್ನತ ಬಿರುದು ಲಭಿಸಿತು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಪದವಿಗಳ ಪಟ್ಟಿಯಾದೀತೇ ಹೊರತು ಚರಿತ್ರೆಯಾಗಲಾರದು. ಆ ಕಾಲದಲ್ಲಿ ತೋಟದ ಜನಕ್ಕೆ ಒದಗಿದ ವಿಪತ್ತನ್ನು ಇಲ್ಲಿ ಗಮನಿಸಬೇಕು. ಐರೋಪ್ಯ ಕಂಪೆನಿಗಳು ತಮ್ಮ ವಿಶಾಲವಾದ ತೋಟಗಳನ್ನು ಮಾರತೊಡಗಿದುವು. ಕೊಂಡ ವರ್ತಕರು ಅವನ್ನು ತುಂಡುತುಂಡಾಗಿ ವಿಂಗಡಿಸಿ ಮರುಮಾರಾಟ ಮಾಡಿದರು. ಸಣ್ಣ ಹಿಡುವಳಿದಾರನಿಗೆ ಅಷ್ಟೊಂದು ಆಳುಗಳು ಬೇಕಿಲ್ಲ. ಕೂಲಿಯು ವಾಸಿಸುತ್ತಿದ್ದ ಸಾಲುಮನೆಯು ತೋಟದ ಸ್ವತ್ತಾದುದರಿಂದ, ಕೆಲಸವು ಹೋದ ದಿನವೇ ಮನೆಯೂ ಹೋಗುವುದು. ಮಕ್ಕಳು ಓದುತ್ತಿದ್ದ ತೋಟದ ತಮಿಳು ಪಾಠಶಾಲೆಯ ಆಧಾರವೂ ತಪ್ಪುವುದು. ಎರಡು ಮೂರು ತಲೆಮಾರುಗಳಿಂದ ಅಲ್ಲಿಯೇ ಬೆಳೆದ ಕುಟುಂಬಗಳು ಹೀಗೆ ಬೀದಿಗೆ ಬಂದುವು.

ಇದಕ್ಕೆ ಪ್ರತೀಕಾರವಾಗಿ ಸಂಬಂಧನ್ನರು 1960ರಲ್ಲಿ ರಾಷ್ಟ್ರೀಯ ಭೂಧನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದರ ಉಪಾಯವು ಸರಳವಾದುದು. ಪ್ರತಿಯೊಬ್ಬ ಕೂಲಿಯೂ 10 ಡಾಲರುಗಳನ್ನು ಮೊದಲು ಕೊಟ್ಟು, ಉಳಿದುದನ್ನು ಕಂತುಗಳಲ್ಲಿ ತುಂಬಿ, 100 ಡಾಲರಿನ ಒಂದು ಪಾಲನ್ನು ಪಡೆಯಬೇಕು. ಹೀಗೆ ಕೂಡಿದ ಹಣದಿಂದ ಮಾರಾಟಕ್ಕೆ ಬಂದ ತೋಟವನ್ನು ಸಂಘವೇ ಇಡಿಯಾಗಿ ಕೊಳ್ಳಬೇಕು. ಮಂತ್ರಿಗಳು ತಾವೇ ತೋಟದಿಂದ ತೋಟಕ್ಕೆ ಹೋಗಿ ಜನರನ್ನು ಒಡಂಬಡಿಸಿದರು. ಕೆಡಾ ಸೀಮೆಯ ಬುಕಿತ್ ಸಿದಿಮ್ ತೋಟವು ಸಂಘಕ್ಕೆ ಮೊದಲು ದೊರೆತುದು. ಬಳಿಕ ಬೇರೆ ತೋಟಗಳೂ ಸೇರಿದುವು. ಮರದ ಹಾಲಿಳಿಸುವವನೇ ಆ ಮರದ ಪಾಲುಗಾರನಾದನು.

ಆದರೆ ಚರಿತ್ರಕಾರನು ಇನ್ನೊಂದು ಮುಖವನ್ನೂ ಮರೆಮಾಡಲಾಗದು. ತುಂಡಾದ ತೋಟಗಳೆಲ್ಲವನ್ನೂ ಕೊಳ್ಳುವ ಶಕ್ತಿ ಸಂಘಕ್ಕಿರಲಿಲ್ಲ. ಪೌರತ್ವವಿಲ್ಲದವರು ಕೆಲಸಕ್ಕೆ ಪರವಾನೆಯನ್ನು ಪಡೆಯಬೇಕೆಂದು 1968ರಲ್ಲಿ ಶಾಸನವಾಯಿತು. 1969ರ ಮೇ 13ರ ಗಲಭೆಗಳ ತರುವಾಯ ಅದು ಬಿಗಿಯಾಗಿ ಜಾರಿಗೆ ಬಂದು, ಸಾವಿರಾರು ಭಾರತೀಯರು ದೇಶವನ್ನು ಬಿಟ್ಟರು. ಸಂಬಂಧನ್ನರು ಆಗಲೂ ಮಂತ್ರಿಮಂಡಲದಲ್ಲಿಯೇ ಇದ್ದರು. ನೂರಕ್ಕೆ ಸುಮಾರು ಹತ್ತರಷ್ಟಿದ್ದ ಜನದ ಪ್ರತಿನಿಧಿಗೆ ಮೈತ್ರಿಕೂಟದಲ್ಲಿ ಎಷ್ಟು ಬಲವಿದ್ದೀತೆಂಬುದನ್ನು ಊಹಿಸಬಹುದು. ಆದರೂ ಮೌನವು ಮಂತ್ರಿಯ ಹೊಣೆಯನ್ನು ಕಳೆಯುವುದಿಲ್ಲ. ಮಂತ್ರವು ಗುಪ್ತವಾಗಿರಬೇಕೆಂದು ನೀತಿಶಾಸ್ತ್ರವು ಹೇಳುವುದಾದರೂ, ಅದರ ಫಲವನ್ನುಣ್ಣುವವರು ಪ್ರಜೆಗಳಷ್ಟೆ.

1972ರಲ್ಲಿ ಅವರಿಗೆ ರಾಷ್ಟ್ರೀಯ ಐಕ್ಯದ ಶಾಖೆಯು ದೊರೆಯಿತು. ಪಕ್ಷದೊಳಗಿನ ಕಲಹದ ಫಲವಾಗಿ 1973ರಲ್ಲಿ ಅಧ್ಯಕ್ಷಪದವಿಯನ್ನು ಮಾಣಿಕ್ಯವಾಸಗಂ ಅವರಿಗೆ ಬಿಟ್ಟುಕೊಟ್ಟರು. ಮರುವರ್ಷ ಮಂತ್ರಿಪದವಿಯೂ ಮುಗಿಯಿತು. 1979ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಮಾರ್ಗವು ಇಂದು ಅವರ ಹೆಸರನ್ನು ಹೊತ್ತಿದೆ.

ಇವೆಲ್ಲವನ್ನೂ ತೂಗಿ ನೋಡಿದರೆ, ಹದಿನೆಂಟು ವರ್ಷಗಳಿಗೂ ಮಿಕ್ಕ ಮಂತ್ರಿತ್ವದಲ್ಲಿ ಸಂಬಂಧನ್ನರು ರಾಜ್ಯಶಾಸನದಿಂದ ತಮ್ಮ ಜನಕ್ಕೆ ಗಳಿಸಿಕೊಟ್ಟುದಕ್ಕಿಂತ, ಆ ಜನದ ಹತ್ತು ಹತ್ತು ಡಾಲರುಗಳನ್ನು ಕೂಡಿಸಿ ಗಳಿಸಿಕೊಟ್ಟುದೇ ಹೆಚ್ಚೆಂದು ತೋರುತ್ತದೆ. ‘ಮಹರ್ದ್ಧಿಕ’ ಶಬ್ದದಲ್ಲಿ ಋದ್ಧಿಯೂ ವಿಮೋಚನೆಯೂ ಬೆರೆತಿರುವುದು ಆಕಸ್ಮಿಕವಿರಬಹುದು; ನೆಲದ ಪಾಲಿಲ್ಲದವನಿಗೆ ಬಿಡುಗಡೆಯು ಅರ್ಧವೇ ಎಂಬುದನ್ನಂತೂ ಆ ತೋಟಗಳ ಚರಿತ್ರೆಯು ಸ್ಪಷ್ಟಪಡಿಸುತ್ತದೆ.