ಐದು ರೂಪಾಯಿಯ ಯಶಸ್ವಿನಿಯಿಂದ ಕೊರೊನಾ ಕವಚದವರೆಗೆ

ಸಾಲ, ಗೊಬ್ಬರ, ಷೇರು, ಡಿವಿಡೆಂಡುಗಳ ಲೆಕ್ಕ ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ನಾವಿಲ್ಲಿ ಹೇಳಹೊರಟಿರುವುದು ಯಾವ ಲೆಡ್ಜರಿನಲ್ಲೂ ಪೂರ್ತಿ ಸಿಗದ ಒಂದು ಖರ್ಚಿನ ಚರಿತ್ರೆಯನ್ನು. ಅದು ಆಸ್ಪತ್ರೆ ಖರ್ಚು. ಬೆಳೆಸಾಲ ಏಕೆ ತೀರಲಿಲ್ಲವೆಂದು ಕೇಳಿದರೆ ನಮ್ಮ ಕಡೆ ಬರುವ ಉತ್ತರ ಮೂರೇ: ಕಾಫಿ ಬೆಲೆ ಬಿತ್ತು, ಮಳೆ ಕೈಕೊಟ್ಟಿತು, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರು. ಮೊದಲಿನ ಎರಡಕ್ಕೆ ನಾವು ಮಾಡಬಹುದಾದದ್ದು ಸ್ವಲ್ಪ. ಮೂರನೆಯದಕ್ಕೆ ಮಾತ್ರ ಸಹಕಾರಿಗಳಾದ ನಾವು ಒಂದು ದಾರಿಯನ್ನು ಕಂಡುಕೊಂಡಿದ್ದೆವು, ನಡುವೆ ಅದನ್ನು ಕಳೆದುಕೊಂಡಿದ್ದೆವು, ಈಗ ಮತ್ತೆ ಪಡೆದಿದ್ದೇವೆ.

ಕಾಫಿ ಸೀಮೆಯಲ್ಲಿ ಹಿಂದೆ ವೈದ್ಯದ ಏರ್ಪಾಟು ಇದ್ದದ್ದು ದೊಡ್ಡ ಎಸ್ಟೇಟುಗಳಲ್ಲಿ. 1951ರ ತೋಟ ಕಾರ್ಮಿಕರ ಕಾಯಿದೆಯಂತೆ ತೋಟದ ಮಾಲೀಕರು ಕಾರ್ಮಿಕರಿಗೆ ವೈದ್ಯ ಸೌಲಭ್ಯ ಒದಗಿಸಬೇಕಾಗಿತ್ತು. ಆದರೆ ಆ ಕಾಯಿದೆ ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಮತ್ತು 15 ಆಳುಗಳಿಗೆ ಕಡಿಮೆಯಿಲ್ಲದ ತೋಟಗಳಿಗೆ. ಎರಡು ಮೂರು ಎಕರೆಯ ಬೆಳೆಗಾರನಿಗಾಗಲಿ, ಅವನ ತೋಟದಲ್ಲಿ ಮರಕಸಿ, ಹಣ್ಣು ಕೊಯ್ಲಿಗೆ ಬರುವವರಿಗಾಗಲಿ ಅದರಿಂದ ಏನೂ ಇಲ್ಲ. ದೊಡ್ಡ ಕಾಯಿಲೆ ಬಂದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ, ಇಲ್ಲವೇ ಕುದುರೆಮುಖದ ದಾರಿಯಲ್ಲಿ ಕಾರ್ಕಳ ದಾಟಿ ಮಣಿಪಾಲಕ್ಕೆ. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸದವರ ಪಾಡು ಹೇಳುವುದೇ ಬೇಡ. ವಾಹನ ಬಾಡಿಗೆಯೇ ಅರ್ಧ ಜೀವ ತೆಗೆಯುತ್ತಿತ್ತು. ಉಳಿದರ್ಧಕ್ಕೆ ಒಡವೆ ಅಡವು, ಇಲ್ಲವೇ ಮುಂದಿನ ವರ್ಷದ ಕಾಫಿಯ ಮೇಲೆ ಮುಂಗಡ.

ಇಂಥ ಕಾಲದಲ್ಲಿ ಯಶಸ್ವಿನಿ ಬಂತು. ನಮ್ಮ ಸಂಘ ಆಗಿನ್ನೂ ಎಳೆಯ ಕೂಸು. ಅಂದಿನ ಮುಖ್ಯಮಂತ್ರಿ ಶ್ರೀ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಸಲಹೆಯಿಂದ ರೂಪುಗೊಂಡ ಈ ಯೋಜನೆ 2002ರ ನವೆಂಬರ್‌ನಲ್ಲಿ ಉದ್ಘಾಟನೆಯಾಗಿ 2003ರ ಜೂನ್‌ನಿಂದ ಜಾರಿಗೆ ಬಂತು. ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಸುಮಾರು 1600 ಬಗೆಯ ಶಸ್ತ್ರಚಿಕಿತ್ಸೆಗಳಿಗೆ ಒಬ್ಬರಿಗೆ ವರ್ಷಕ್ಕೆ 2 ಲಕ್ಷದವರೆಗೆ ನೆರವು. ನಡುವೆ ಯಾವ ಇನ್ಷೂರೆನ್ಸ್ ಕಂಪನಿಯೂ ಇರಲಿಲ್ಲ. ಸದಸ್ಯರ ಹಣ, ಸರ್ಕಾರದ ನೆರವು ಎರಡೂ ಒಂದು ಟ್ರಸ್ಟಿನಲ್ಲಿ ಸೇರಿ ಅಲ್ಲಿಂದಲೇ ಆಸ್ಪತ್ರೆಗೆ ಪಾವತಿ. ಮೊದಲೇ ಇದ್ದ ಕಾಯಿಲೆಗೂ ತಕರಾರಿಲ್ಲ. ಒಂದೇ ಷರತ್ತು, ಸಹಕಾರ ಸಂಘದ ಸದಸ್ಯರಾಗಿರಬೇಕು.

ಮೊದಮೊದಲು "ಕಾಯಿಲೇನೇ ಇಲ್ಲ ಮಾರಾಯ್ರೆ, ದುಡ್ಡು ಯಾಕೆ ಕಟ್ಟೋದು?" ಎಂದು ಕೇಳಿದವರು ಬಹಳ. ಪಕ್ಕದ ಮನೆಯವರು ಆಪರೇಷನ್ ಮಾಡಿಸಿಕೊಂಡು ಬಿಲ್ಲಿಲ್ಲದೆ ಬಂದ ಮೇಲೆ ಮಾತು ಬದಲಾಯಿತು. ರಾಜ್ಯದಲ್ಲಿ ಮೊದಲ ವರ್ಷ ಸುಮಾರು 16 ಲಕ್ಷ, ಎರಡನೆಯ ವರ್ಷ ಸುಮಾರು 20 ಲಕ್ಷ ಜನ ಸೇರಿದರು. 2005ರಲ್ಲಿ ಕಂತು 120 ರೂಪಾಯಿಗೆ ಏರಿದಾಗ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಇದನ್ನು ನೆನಪಿಡಬೇಕು. ಗಟ್ಟಿಮುಟ್ಟಾಗಿರುವವರು ಬಿಟ್ಟುಹೋದರೆ ಉಳಿಯುವುದು ಕಾಯಿಲೆಯವರು ಮಾತ್ರ. ಆಗ ಯಾವ ನಿಧಿಯೂ ನಿಲ್ಲುವುದಿಲ್ಲ. ಹನಿಗೂಡಿ ಹಳ್ಳವಾಗಬೇಕಾದರೆ ಹನಿ ಬೀಳುತ್ತಲೇ ಇರಬೇಕು.

2004ರಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಸ್ವಸಹಾಯ ಸಂಘಗಳವರಿಗಾಗಿ ಸಂಪೂರ್ಣ ಸುರಕ್ಷಾ ಆರಂಭಿಸಿದರು. ಒಟ್ಟಾಗಿ ಕಟ್ಟಿ ಕಷ್ಟ ಬಂದವರಿಗೆ ಕೊಡುವ ಈ ರೀತಿ ನಮ್ಮದು ಮಾತ್ರವಲ್ಲ. ಬ್ರಿಟನ್ನಿನ ವೇಲ್ಸ್ ಸೀಮೆಯ ಟ್ರೆಡೆಗರ್ ಎಂಬ ಗಣಿ ಊರಿನ ಕೂಲಿಗಳು ಸಂಬಳದಲ್ಲಿ ಕಾಸು ಕಾಸು ಕೂಡಿಸಿ ವೈದ್ಯರನ್ನು ಇಟ್ಟುಕೊಂಡಿದ್ದರು. ಅದೇ ಊರಿನ ಅನ್ಯೂರಿನ್ ಬೆವನ್ ಅವರು ಮಂತ್ರಿಯಾಗಿ 1948ರಲ್ಲಿ ಇಡೀ ದೇಶಕ್ಕೆ ಉಚಿತ ಆರೋಗ್ಯ ಸೇವೆಯನ್ನು ತಂದರು.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಲಾಯಿತು. ಅದೇ ವರ್ಷ ಇದು ಆಯುಷ್ಮಾನ್ ಭಾರತದೊಡನೆ ಸೇರಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಇದು ಬಡವರಿಗೆ ದೊಡ್ಡ ಆಸರೆಯೇ ಸರಿ. ಆದರೆ ಎ.ಪಿ.ಎಲ್. ಕಾರ್ಡಿನವರಿಗೆ ಸಿಕ್ಕಿದ್ದು ನಿಗದಿತ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಮೂರು ನಾಲ್ಕು ಎಕರೆ ಕಾಫಿ ಇಟ್ಟುಕೊಂಡು, ಹೆಸರಿಗೆ ಪ್ಲಾಂಟರ್ ಎನಿಸಿಕೊಂಡು, ಸಾಲದಲ್ಲಿರುವ ನಮ್ಮ ಅನೇಕ ಸದಸ್ಯರು ಇಲ್ಲಿ ನಡುನೀರಿನಲ್ಲಿ ನಿಂತರು.

ಹೀಗಿರುವಾಗಲೇ ಕೊರೊನಾ ಬಂತು. 2020ರ ಮಾರ್ಚ್ 25ರಿಂದ ದೇಶವೇ ಬಂದ್. ಮೇ ಮಧ್ಯದವರೆಗೂ ನಮ್ಮ ಜಿಲ್ಲೆ ಹಸಿರು ವಲಯದಲ್ಲಿತ್ತು. "ನಮ್ಮ ಬೆಟ್ಟಕ್ಕೆ ಅದೆಲ್ಲಿ ಹತ್ತುತ್ತೆ" ಎಂದು ಧೈರ್ಯ ಹೇಳಿಕೊಂಡೆವು. ಅದು ಹತ್ತಿತು. ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಗೊತ್ತುಮಾಡಿತು. ಸರ್ಕಾರದ ಕಡೆಯಿಂದ ಕಳಿಸಿದ ರೋಗಿಗಳ ಖರ್ಚು ಸರ್ಕಾರದ್ದು. ತಾವಾಗಿ ಹೋಗಿ ಸೇರಿದವರಿಗೆ ದಿನಕ್ಕೆ ಸಾಮಾನ್ಯ ವಾರ್ಡಿನಲ್ಲಿ 10,000, ವೆಂಟಿಲೇಟರ್ ಸಹಿತ ಐ.ಸಿ.ಯು.ನಲ್ಲಿ 25,000 ರೂಪಾಯಿ. ಹತ್ತು ದಿನ ವೆಂಟಿಲೇಟರಿನಲ್ಲಿದ್ದರೆ ಎರಡೂವರೆ ಲಕ್ಷ!

ಆಗ ಊರೂರಿನ ಕಟ್ಟೆಯ ಮೇಲೆ ನಡೆದ ಚರ್ಚೆ ಒಂದೇ: ಖಾಸಗಿ ಪಾಲಿಸಿ ಮಾಡಿಸುವುದೋ, ಬೇಡವೋ? ವಿಮಾ ಪ್ರಾಧಿಕಾರದ ಆದೇಶದಂತೆ 2020ರ ಜುಲೈನಲ್ಲಿ ಕಂಪನಿಗಳು ಕೊರೊನಾ ಕವಚ ಎಂಬ ಪಾಲಿಸಿ ತಂದವು. 50 ಸಾವಿರದಿಂದ 5 ಲಕ್ಷದವರೆಗೆ ಮೊತ್ತ, ಮೂರೂವರೆ, ಆರೂವರೆ ಅಥವಾ ಒಂಬತ್ತೂವರೆ ತಿಂಗಳ ಅವಧಿ. ಮನೆಯಲ್ಲೇ 14 ದಿನದವರೆಗೆ ಚಿಕಿತ್ಸೆ ಪಡೆದರೂ ಖರ್ಚು ಕೊಡುವ ಏರ್ಪಾಟಿತ್ತು. ಆದರೆ ಮಾಡಿಸಿದ 15 ದಿನದೊಳಗೆ ಕಾಯಿಲೆ ಬಂದರೆ ಏನೂ ಇಲ್ಲ. 65 ದಾಟಿದವರಿಗೆ ಹೊಸದಾಗಿ ಪಾಲಿಸಿಯೇ ಇಲ್ಲ. ಯಾರಿಗೆ ಹೆಚ್ಚು ಭಯವಿತ್ತೋ ಅವರೇ ಹೊರಗುಳಿದರು.

ಇಂದು ತಣ್ಣಗೆ ಕೂತು ನೋಡಿದರೆ ನಮಗೆ ತೋರುವುದು ಇಷ್ಟು. ಬಿ.ಪಿ.ಎಲ್. ಕಾರ್ಡಿದ್ದು ಸರ್ಕಾರದ ದಾರಿಯಲ್ಲಿ ಆಸ್ಪತ್ರೆ ಸೇರಬಹುದಾದವರಿಗೆ ಆ ಕಂತು ಅಷ್ಟೇನೂ ಅಗತ್ಯವಿರಲಿಲ್ಲ. ದುಡಿಯುವ ಒಬ್ಬರ ಮೇಲೆಯೇ ಮನೆ ನಿಂತಿದ್ದ ಎ.ಪಿ.ಎಲ್. ಕುಟುಂಬಕ್ಕೆ ಅದು ಕೊಟ್ಟ ಹಣಕ್ಕೆ ಮೋಸವಿಲ್ಲದ ಆಸರೆ, ಕಾಯಿಲೆ ಬಾರದಿದ್ದರೂ ಸಹ. ಮಾಡಿಗೆ ಹಾಕಿದ ಸೋಗೆ ಆ ವರ್ಷ ಮಳೆ ಕಡಿಮೆಯಾಯಿತೆಂದು ದಂಡವಾಗುತ್ತದೆಯೇ? ಆದರೆ ಪಾಲಿಸಿ ಬಿಲ್ಲು ಕಟ್ಟೀತೇ ಹೊರತು ಹಾಸಿಗೆ ಹುಟ್ಟಿಸಲಾರದು. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಕಾರ್ಡು ಕೈಯಲ್ಲಿ ಹಿಡಿದವರೂ ಆಕ್ಸಿಜನ್ ಹಾಸಿಗೆಗಾಗಿ ಅಲೆದರು. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಆಕ್ಸಿಜನ್ ಇರಬೇಕೆಂದು ಕೇಳುವ ಕೆಲಸವನ್ನು ಯಾವ ಕಂಪನಿಯೂ ನಮ್ಮ ಪರವಾಗಿ ಮಾಡುವುದಿಲ್ಲ.

ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಗೆಂದೇ ಇದ್ದ ಹಳೆಯ ಯಶಸ್ವಿನಿ ಆಗ ಉಳಿದಿದ್ದರೂ ಕೊರೊನಾ ಜ್ವರದ ಬಿಲ್ಲನ್ನು ಅದು ಕಟ್ಟುತ್ತಿರಲಿಲ್ಲವೇನೋ. ನಿಜ. ಆದರೆ ಅದು ಇದ್ದಿದ್ದರೆ ಆ ಭಯದ ದಿನಗಳಲ್ಲಿ ಪ್ರತಿ ಮನೆಯವರೂ ಒಂಟಿಯಾಗಿ, ಓದಲು ಬಾರದ ಸಣ್ಣ ಅಕ್ಷರದ ಕಾಗದಕ್ಕೆ ಸಹಿ ಹಾಕುವ ಬದಲು, ಸಂಘದ ಕಚೇರಿಯಲ್ಲಿ ಹತ್ತು ಜನ ಕೂತು ವಿಚಾರ ಮಾಡುವ ರೂಢಿ ಉಳಿದಿರುತ್ತಿತ್ತು.

2022ರ ನವೆಂಬರ್‌ನಲ್ಲಿ ನೋಂದಣಿ ಮತ್ತೆ ಶುರುವಾಗಿ, 2023ರ ಜನವರಿ 1ರಿಂದ ಯಶಸ್ವಿನಿ ಪುನಃ ಜಾರಿಗೆ ಬಂತು. ಗ್ರಾಮೀಣ ಸಹಕಾರಿಗಳ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ಗೊತ್ತುಮಾಡಿದರು. ನೆರವಿನ ಮಿತಿ 5 ಲಕ್ಷ. ಖಾಸಗಿ ಪಾಲಿಸಿಯ ನಿಯಮಗಳೂ ಸ್ವಲ್ಪ ಸಡಿಲವಾಗಿವೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 2024ರಲ್ಲಿ ನಾಲ್ಕು ವರ್ಷದಿಂದ ಮೂರು ವರ್ಷಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಯ ಮೇಲಿನ ಶೇಕಡಾ 18ರ ಜಿ.ಎಸ್.ಟಿ. ತೆಗೆಯಲಾಗಿದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಮೊದಲು ಸರ್ಕಾರದ ಕಾರ್ಡು ಸರಿಯಾಗಿದೆಯೇ ನೋಡಿಕೊಳ್ಳಿ. ಎರಡನೆಯದಾಗಿ ಯಶಸ್ವಿನಿ ಕಂತನ್ನು ನೋಂದಣಿಯ ಕೊನೆಯ ದಿನಕ್ಕೆ ಕಾಯದೆ ಕಟ್ಟಿ, ಕಾಯಿಲೆ ಇರಲಿ ಬಿಡಲಿ. ಆಮೇಲೂ ಕೈಯಲ್ಲಿ ಶಕ್ತಿಯಿದ್ದರೆ ಖಾಸಗಿ ಪಾಲಿಸಿ ಮಾಡಿಸಿ, ಆದರೆ ಮೈ ಗಟ್ಟಿಯಿರುವಾಗಲೇ ಮಾಡಿಸಿ. ಸಹಿ ಹಾಕುವ ಮುಂಚೆ ಕಾಯುವ ಅವಧಿ ಎಷ್ಟು, ರೂಮಿನ ಬಾಡಿಗೆಗೆ ಮಿತಿ ಎಷ್ಟು, ನಾವು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬ ಮೂರು ಮಾತು ಕೇಳಿ. ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಕಾಗದ ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ, ಕೂತು ಓದೋಣ. ಆರಿದ್ರೆ ಮಳೆ ಹಿಡಿದ ಮೇಲೆ ಮಾಡಿಗೆ ಸೋಗೆ ಹೊದಿಸಲಾಗದು ಎಂಬುದನ್ನು ಮಲೆನಾಡಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.